ಮೋಸ ಹೋಗದವನ ಕ್ಯಾಸೆಟ್ ವಿನಿಮಯ

ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ಮುಂಬಯಿಗೆ ಬಂದಿಲ್ಲ. ಬಂದಿದ್ದರೂ ನನ್ನ ಎದುರು ನಿಲ್ಲುವ ಧೈರ್ಯ ಅವನಿಗಿಲ್ಲ. ಗ್ರಾಂಟ್ ರೋಡಿನ ನಮ್ಮ ಕಂಪನಿಗೆ ಬರುವ ಸ್ವಿಚ್ಚು, ಪ್ಲಗ್ಗುಗಳನ್ನು ತಪಾಸಣೆ ಮಾಡಿ 'ತಿರಸ್ಕೃತ' ಎಂದು ಠಸ್ಸೆ ಒತ್ತುವುದೇ ನನ್ನ ಉದ್ಯೋಗ. ಹದಿನಾರು ವರ್ಷ ಒತ್ತಿದ ಕೈ ಇದು! ನಮ್ಮ ಮನೆಯಿರುವ ಭಾಂಡುಪ್‌ನ ತರಕಾರಿಯವಳು ಕೂಡ ನನ್ನನ್ನು ಕಂಡರೆ ಬದನೆಕಾಯಿಯನ್ನು ತಾನೇ ತಿರುಗಿಸಿ ತಿರುಗಿಸಿ ತೋರಿಸುತ್ತಾಳೆ.

ಇದು ತೊಂಬತ್ತೊಂದನೇ ಇಸವಿಯ ಮಾತು. ನನ್ನ ಹೆಂಡತಿ ಸುಮಿತ್ರಾಳ ಅಣ್ಣ ಸಿಂಗಪುರದಿಂದ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ತಂದುಕೊಟ್ಟಿದ್ದ. ತಂದದ್ದು ಮಕ್ಕಳಿಗೆ, ಆದರೆ ಮಕ್ಕಳ ಕೈಗೆ ಅದು ಸಿಕ್ಕಿದ್ದೇ ಅಪರೂಪ. ಅದರ ಕ್ಯಾಸೆಟ್ಟಿನಲ್ಲಿದ್ದ ಟ್ಯಾಂಕ್ ಯುದ್ಧವನ್ನು ಸುಮಿತ್ರಾ ಕುಕ್ಕರ್ ಮೂರು ಸಲ ಕೂಗುವುದರೊಳಗೆ ಗೆದ್ದು ಮುಗಿಸುತ್ತಿದ್ದಳು.

"ರೀ, ಈ ಟ್ಯಾಂಕ್ ಸಾಕಾಯ್ತು. ಬೈಕ್ ರೇಸ್ ಕ್ಯಾಸೆಟ್ ಬೇಕು. ಭಾನುವಾರ ಮೇಲಿನ ಮನೆ ಸರಸ್ವತಿ ಬರ್ತಾಳೆ. ಹೊಸ ಆಟ ಆಡಿಸ್ತೀನಿ ಅಂತ ಮಾತು ಕೊಟ್ಬಿಟ್ಟಿದೀನಿ."

"ಕೊಳ್ಳೋದ್ಯಾಕೆ? ಇದನ್ನೇ ಕೊಟ್ಟು ಬದಲಾಯಿಸಿಕೊಂಡು ಬರ್ತೀನಿ."

"ಹುಷಾರು ಕಣ್ರೀ. ಒಳಗೆ ಏನೂ ಇಲ್ಲದ ಖಾಲಿ ಡಬ್ಬಿ ಕೊಟ್ಟು ಕಳಿಸ್ತಾರಂತೆ."

"ಯಾರಿಗೆ? ಈ ಜಯಸಿಂಹನಿಗಾ?" ಎಂದು ನಾನು ನಕ್ಕ ನಗು ಪಕ್ಕದ ಬಿಲ್ಡಿಂಗಿಗೂ ಕೇಳಿಸಿತು.

ನಮ್ಮ ಆಫೀಸಿನ ಕೆಳಗಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಕೊರಗಪ್ಪನ ಬಳಿ ಬೈಕ್ ರೇಸ್ ಕ್ಯಾಸೆಟ್ ಇತ್ತು. ಅವನಿಗೆ ಟ್ಯಾಂಕ್ ಬೇಕಿತ್ತು. ಶುಕ್ರವಾರ ಸಂಜೆ ಮಾತುಕತೆ ನಡೆಯಿತು. ನಾನು ಅವನ ಕ್ಯಾಸೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಮೂಸಿದೆ, ಸ್ಕ್ರೂ ಎಣಿಸಿದೆ. ಇಬ್ಬರೂ ಒಂದು ದಿನ ಮನೆಗೆ ಒಯ್ದು ಆಡಿ ನೋಡುವುದು, ಸರಿಯಿದ್ದರೆ ಇಟ್ಟುಕೊಳ್ಳುವುದು ಎಂದು ಒಪ್ಪಂದವಾಯಿತು.

"ನಾಳೆ ನೀನು ನಾಪತ್ತೆಯಾದರೆ?" ಎಂದೆ.

"ಎಂಥದು ಮಾರಾಯ್ರೆ! ಏಳು ವರ್ಷದಿಂದ ಇದೇ ಗಲ್ಲಾದಲ್ಲಿ ಕೂತಿದ್ದೇನೆ. ನಾನು ಎಲ್ಲಿಗೆ ಓಡುದು?"

"ಓಡಿಹೋಗುವವರೆಲ್ಲ ಅದಕ್ಕೆ ಮೊದಲು ಕೂತೇ ಇರ್ತಾರೆ!"

ಆಗ ನನ್ನ ತಲೆಯಲ್ಲಿ ಆ ಮಹಾ ಉಪಾಯ ಹೊಳೆಯಿತು. ಮುಂಬಯಿಯ ಮನುಷ್ಯ ಮನೆಯ ಬೀಗದ ಕೈಯನ್ನಾದರೂ ಬಿಟ್ಟಾನು, ರೈಲಿನ ಪಾಸ್ ಬಿಡಲಾರ. "ನಿನ್ನ ಪಾಸ್ ಒತ್ತೆ ಇಡು!" ಎಂದು ಗುಡುಗಿದೆ.

"ಹಾಗಾದ್ರೆ ನಿಮ್ಮದೂ ಕೊಡಿ ಸಾರ್."

"ಓಹೋ, ಧಾರಾಳವಾಗಿ!"

"ಆದ್ರೆ ಸಾರ್, ಈಗ ನೀವು ಮನೆಗೆ..." ಎಂದು ಅವನು ಏನೋ ಹೇಳಹೊರಟ.

"ಚೌಕಾಸಿ ಬೇಡ!" ಎಂದು ಬಾಯಿ ಮುಚ್ಚಿಸಿ ಹೊರಟೆ. ಎಂಥ ತಲೆಯಪ್ಪಾ ನನ್ನದು ಎಂದು ದಾದರ್‌ವರೆಗೂ ನನಗೆ ನಾನೇ ಶಭಾಸ್‌ಗಿರಿ ಕೊಟ್ಟುಕೊಂಡೆ.

ದಾದರ್‌ನಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತಿದರೆ ಟಿ.ಸಿ. ನಿಂತಿದ್ದ! ರಾಜಗಾಂಭೀರ್ಯದಿಂದ ಪಾಸ್ ತೆಗೆದು ಕೊಟ್ಟೆ. ಅವನು ಫೋಟೋ ನೋಡಿದ, ನನ್ನನ್ನು ನೋಡಿದ. ಫೋಟೋದಲ್ಲಿ ಗುಂಗುರು ಕೂದಲು, ಹುರಿಮೀಸೆ. ಇಲ್ಲಿ ಎರಡಕ್ಕೂ ಜಾಗ ಖಾಲಿ.

"ಮೂಛ್ ಕಿಧರ್ ಗಯಾ?"

ಇಲ್ಲದ ಮೀಸೆ ಹೋಗುವುದಾದರೂ ಎಲ್ಲಿಗೆ! ನನ್ನ ಪಾಸ್ ಗ್ರಾಂಟ್ ರೋಡಿನ ಗಲ್ಲಾದಲ್ಲಿ ಭದ್ರವಾಗಿದೆ ಎಂಬುದು ಆಗ ನೆನಪಾಯಿತು. "ಸಾಬ್, ಯೇ ಗಿರವೀ ಕಾ ಪಾಸ್ ಹೈ. ಮೇರೆ ಕೋ ಕೋಯಿ ಧೋಖಾ ನ ದೇ, ಇಸ್ಲಿಯೇ!" ಎಂದು ಒತ್ತೆಯ ಕಥೆ ಬಿಚ್ಚಿದೆ.

ಮೋಸ ಹೋಗಬಾರದೆಂದು ಇನ್ನೊಬ್ಬನ ಪಾಸಿನಲ್ಲಿ ಓಡಾಡುವವನನ್ನು ಆ ಟಿ.ಸಿ. ತನ್ನ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ. ಇವನು ಜೇಬುಗಳ್ಳನೇ ಎಂದು ತೀರ್ಮಾನಿಸಿ ಆಫೀಸಿಗೆ ಕರೆದೊಯ್ದು ಕೂರಿಸಿದ. ದಂಡ ಕಟ್ಟಿದೆ. ಆದರೂ ಪಾಸ್ ಕದ್ದದ್ದಲ್ಲ ಎಂದು ಅದರ ಯಜಮಾನನೇ ಬಂದು ಹೇಳಬೇಕಂತೆ! ಹೋಟೆಲಿಗೆ ಫೋನ್ ಹೋಯಿತು. ಹದಿನಾರು ವರ್ಷ ಠಸ್ಸೆ ಒತ್ತಿದ ನಾನು ಒಬ್ಬ ಕುಡುಕನಿಗೂ ಟಿಕೆಟ್ಟಿಲ್ಲದ ಬುಟ್ಟಿಯವನಿಗೂ ನಡುವೆ ಬೆಂಚಿನ ಮೇಲೆ ಮುದುಡಿ ಕೂತೆ.

ಗಲ್ಲಾವನ್ನು ಯಾರಿಗೋ ಒಪ್ಪಿಸಿ ಕೊರಗಪ್ಪ ಓಡಿ ಬಂದ. "ನೀನು ಇವರ ಪಾಸ್ ತೋರಿಸಿ ಬಂದೆಯಾ?" ಎಂದು ಟಿ.ಸಿ. ಹಿಂದಿಯಲ್ಲಿ ಗದರಿಸಿದ.

ಕೊರಗಪ್ಪ ಜೇಬಿನಿಂದ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟ. "ನಹೀಂ ಸಾಬ್. ದೂಸ್ರೇ ಕಾ ಪಾಸ್ ದಿಖಾನಾ ಧೋಖಾ ಹೈ ನಾ?" ಎಂದ. ಬೇರೆಯವರ ಪಾಸ್ ತೋರಿಸುವುದು ಮೋಸವಂತೆ!

ಟಿ.ಸಿ. ಎದ್ದು ಅವನ ಬೆನ್ನು ತಟ್ಟಿದ. ಆಮೇಲೆ ನನ್ನತ್ತ ಬೆರಳು ತೋರಿಸಿ, ಈ ಶಹರದಲ್ಲಿ ಇಂಥವರು ಬಹಳ ಇದ್ದಾರೆ, ವ್ಯವಹಾರ ಮಾಡುವಾಗ ಹುಷಾರಾಗಿರು ಎಂದು ಹಿತೋಪದೇಶ ಮಾಡಿದ!

ಹೊರಗೆ ಬಂದ ಮೇಲೆ ಕೊರಗಪ್ಪ ನನ್ನ ಪಾಸ್, ನನ್ನ ಕ್ಯಾಸೆಟ್ ಎರಡನ್ನೂ ಮೆಲ್ಲಗೆ ನನ್ನ ಕೈಗಿಟ್ಟ. "ಬೇಸರ ಮಾಡ್ಬೇಡಿ ಸಾರ್. ನನ್ನದು ವಾಪಸ್ ಕೊಡಿ. ನಿಮ್ಮೊಟ್ಟಿಗೆ ವ್ಯವಹಾರ ಮಾಡ್ಲಿಕ್ಕೆ ನನಗೆ ಹೆದರಿಕೆ ಆಗ್ತದೆ."

ಮನೆಗೆ ಬಂದು ಹಳೆಯ ಟ್ಯಾಂಕ್ ಕ್ಯಾಸೆಟ್ಟನ್ನೇ ಸುಮಿತ್ರಾಳ ಮುಂದಿಟ್ಟು ನಡೆದದ್ದೆಲ್ಲ ಒಪ್ಪಿಸಿದೆ. ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಆದರೂ ಕೊನೆಗೆ ಎದೆಯುಬ್ಬಿಸಿ, "ಏನೇ ಹೇಳು, ನನಗೆ ಯಾರೂ ಮೋಸ ಮಾಡಲಿಲ್ಲ!" ಎಂದೆ.

ಸುಮಿತ್ರಾ ಕ್ಯಾಸೆಟ್ಟನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ನಾಳೆ ನಾನೇ ಹೋಗಿ ಅವರ ಹತ್ತಿರ ಬದಲಾಯಿಸಿಕೊಂಡು ಬರ್ತೀನಿ ಬಿಡಿ. ಯಾರ ಹೆಂಡತಿ ಅಂತ ಮಾತ್ರ ಹೇಳೋಲ್ಲ!"