ಕುತ್ತಿಗೆ ಸರಿಯಾದ ಮೇಲೆ ಹೇಳಿಕೆಗೆ ಹೋದದ್ದು

ನನ್ನ ಮರೆವಿಗೆ ಕಾರಣ ನಾನಲ್ಲ, ನನ್ನ ಕುತ್ತಿಗೆಯ ಮೂರನೆಯ ಎಲುಬು ಎಂಬ ಸಂಗತಿ ತಿಳಿಯುವಾಗ ನನಗೆ ಐವತ್ತಾರು ದಾಟಿತ್ತು. ತಿಳಿಸಿದವರು ಮಂಗಳೂರಿನ ಒಬ್ಬ ಕೈರೋಪ್ರಾಕ್ಟರ್. ಎಂದರೆ, ಮದ್ದು ಮಾತ್ರೆ ಏನೂ ಇಲ್ಲದೆ ಕುತ್ತಿಗೆ, ಬೆನ್ನುಗಳನ್ನು ಕೈಯಿಂದಲೇ ಲಟಕ್ಕೆನಿಸಿ ಸರಿಪಡಿಸುವವರು. ಅಂಥವರ ವಿಡಿಯೋಗಳನ್ನು ಮೊಬೈಲಿನಲ್ಲಿ ಬಗ್ಗಿ ನೋಡಿ ನೋಡಿಯೇ ನನ್ನ ಕುತ್ತಿಗೆ ಹಿಡಿದುಕೊಂಡದ್ದು ಎಂಬುದು ಹೆಂಡತಿ ಸಾವಿತ್ರಿಯ ವಾದ.

"ಎಲುಬು ಜಾಗಕ್ಕೆ ಬಂದರೆ ನೋವು ಹೋಗುವುದು ಮಾತ್ರ ಅಲ್ಲ, ಗಮನ, ನೆನಪು ಎಲ್ಲ ಚುರುಕಾಗ್ತದೆ" ಎಂದವರೇ ಅವರು ನನ್ನ ಗಲ್ಲ ಹಿಡಿದು ತಲೆಯನ್ನು ತಿರುಗಿಸಿದರು. ಲಟಕ್. ಒಣಕಡ್ಡಿ ಮುರಿದ ಶಬ್ದ. ಎದ್ದು ಕುಳಿತರೆ ತಲೆ ಹಗುರ, ಲೋಕ ನಿಚ್ಚಳ. ನಮ್ಮೂರು ಮಂಜೇಶ್ವರಕ್ಕೆ ಬರುವ ಬಸ್ಸಿನಲ್ಲಿ ದಾರಿಯುದ್ದದ ಬೋರ್ಡುಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಒಂದೂ ಬಿಡದೆ ಓದಿದೆ. ಈ ಏಕಾಗ್ರತೆ ಶಾಲೆಯಲ್ಲಿ ಇದ್ದಿದ್ದರೆ ನಾನು ಕಲೆಕ್ಟರನಾಗುತ್ತಿದ್ದೆ.

"ಇದನ್ನು ನಮ್ಮ ಸೆಲೂನಿನವ ಕಟಿಂಗ್ ಆದ ಮೇಲೆ ಪುಕ್ಕಟೆ ಮಾಡ್ತಾನಲ್ಲ" ಎಂದಳು ಸಾವಿತ್ರಿ. "ಕೊಡೆ ಎಲ್ಲಿ?"

ಕೊಡೆ ಡಾಕ್ಟರ ಕೋಣೆಯಲ್ಲಿತ್ತು. ಎಲುಬು ಸರಿಯಾಗುವುದಕ್ಕೆ ಮೊದಲು ಇಟ್ಟದ್ದಾದ್ದರಿಂದ ಅದು ಹಳೆಯ ಮರೆವಿಗೆ ಸೇರಿದ್ದು ಎಂದು ವಿವರಿಸಿದೆ.

ಆಗ ಮಗಳ ಮದುವೆಗೆ ಹದಿನೈದು ದಿನ ಉಳಿದಿತ್ತು. ನಮ್ಮಲ್ಲಿ ಮದುವೆಯ ಕಾಗದ ಕಳಿಸಿದರೆ ಸಾಲದು. ಮನೆಗೆ ಹೋಗಿ, ಕುಳಿತು, ಕಾಗದ ಕೈಗೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಇದಕ್ಕೆ ಹೇಳಿಕೆ ಎನ್ನುತ್ತಾರೆ. ಮೊದಲ ಹೇಳಿಕೆ ಬಾಯಾರಿನಲ್ಲಿರುವ ಸಾವಿತ್ರಿಯ ಅಣ್ಣನಿಗೆ. ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದ ಸೋದರಮಾವ ಅವರು.

"ನಾನೂ ಬರ್ತೇನೆ" ಎಂದಳು.

"ಬೇಡ. ನನ್ನ ತಲೆ ಈಗ ಮೊದಲಿನ ಹಾಗಲ್ಲ."

"ಅದೇ ಹೆದರಿಕೆ."

ಬಾಯಾರಿನಲ್ಲಿ ಭಾವ ಹೆಗಲಿಗೆ ಶಾಲು ಹಾಕಿಕೊಂಡು ಚಾಪೆಯಲ್ಲಿ ಗಂಭೀರವಾಗಿ ಕುಳಿತರು. ಅವರ ಹೆಂಡತಿ ಬೆಲ್ಲ, ನೀರು ಇಟ್ಟು ಬಾಗಿಲ ಬಳಿ ನಿಂತರು.

"ಮತ್ತೆಂತ ವಿಶೇಷ, ಭಾವ?" ಎಂದು ಭಾವ ಕೇಳಿದರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.

ವಿಶೇಷ ಇತ್ತಲ್ಲ. ಕುತ್ತಿಗೆಯಲ್ಲಿ ಏಳು ಎಲುಬು ಇರುವುದರಿಂದ ತೊಡಗಿದೆ. ಊಟದ ಹೊತ್ತಿಗೆ ಮೂರನೆಯದಕ್ಕೆ ಬಂದಿದ್ದೆ. ಕೈ ತೊಳೆದು ಬಂದ ಭಾವ ಪುನಃ, "ಮತ್ತೆ ವಿಶೇಷ?" ಎಂದರು. ಇಷ್ಟು ಆಸಕ್ತಿಯಿಂದ ಕೇಳುವವರು ನನಗೆ ಈವರೆಗೆ ಸಿಕ್ಕಿರಲಿಲ್ಲ. ಉತ್ಸಾಹದಲ್ಲಿ ಅವರ ಗಲ್ಲಕ್ಕೇ ಕೈ ಹಾಕಿದೆ.

"ನನ್ನದು ಇರಲಿ ಭಾವ" ಎಂದು ಅವರು ಹಿಂದೆ ಸರಿದರು. "ಅರುವತ್ತು ವರ್ಷದಿಂದ ಹೀಗೆಯೇ ಹೊಂದಿಕೊಂಡು ಉಂಟು."

ಅಂಗಳಕ್ಕೆ ಇಳಿಯುವಾಗ ಮೂರನೆಯ ಸಲ ಕೇಳಿದರು, "ಬೇರೆ ಎಂತದೂ ಇಲ್ಲವಾ?"

"ಇಲ್ಲ ಭಾವ, ಎಲ್ಲ ಹೇಳಿ ಆಯಿತು."

ಮನೆಗೆ ಬಂದಾಗ ಸಾವಿತ್ರಿ, "ಅಣ್ಣ ಎಂತ ಹೇಳಿದ?" ಎಂದು ಕೇಳುತ್ತ ನನ್ನ ಕೈಚೀಲಕ್ಕೆ ಕೈ ಹಾಕಿದಳು. ಮೂಲೆಗೆ ಕುಂಕುಮ ಹಚ್ಚಿದ ಕಾಗದ ಹೋದ ಹಾಗೆಯೇ ಹೊರಗೆ ಬಂತು.

ಸಾವಿತ್ರಿ ಅದನ್ನು ನನ್ನ ಮೂಗಿನ ಎದುರು ಹಿಡಿದಳು.

"ಅವರಿಗೆ ಗೊತ್ತಿಲ್ಲವಾ? ಮುಹೂರ್ತ ಇಟ್ಟದ್ದೇ ಅವರ ಎದುರಿನಲ್ಲಿ" ಎಂದೆ.

"ಗೊತ್ತಿರುವುದು ಬೇರೆ, ಹೇಳುವುದು ಬೇರೆ. ಹೇಳಿಕೆ ಇಲ್ಲದೆ ಅಣ್ಣ ಬರುವವನಲ್ಲ. ಅವಳನ್ನು ಮಂಟಪಕ್ಕೆ ಎತ್ತಿಕೊಂಡು ಬರುವುದು ಯಾರು, ನಿಮ್ಮ ಡಾಕ್ಟರಾ?"

ಅಷ್ಟರಲ್ಲಿ ಫೋನ್ ಬಂತು. ಬಾಯಾರಿನಿಂದ ಅವಳ ಅತ್ತಿಗೆ.

"ನಿನ್ನ ಯಜಮಾನರು ಬಂದಿದ್ರು. ಕುತ್ತಿಗೆ ಸರಿಯಾಯ್ತಂತೆ, ಸಂತೋಷ. ನಿಮ್ಮಲ್ಲಿ ಎಂತದೋ ಮದುವೆ ಉಂಟು ಅಂತ ಊರಲ್ಲಿ ಹೇಳ್ತಾರೆ. ನಮಗೆ ಸರಿಯಾಗಿ ಗೊತ್ತಿಲ್ಲಪ್ಪ."

ಆ ರಾತ್ರಿ ಮಗಳು ಹತ್ತಿರ ಬಂದಳು: "ಅಪ್ಪ, ಮಾವ ಬಾರದಿದ್ದರೆ ನಾನು ನಡೆದುಕೊಂಡೇ ಬರ್ತೇನೆ, ಬಿಡಿ." ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗಲಿಲ್ಲ. ಕುತ್ತಿಗೆಯಲ್ಲಿ ಇಲ್ಲದ ನೋವು ಆಗ ಎದೆಯಲ್ಲಿ ಶುರುವಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಕುತ್ತಿಗೆ ಎಂಬ ಶಬ್ದ ನನ್ನ ಬಾಯಿಂದ ಹೊರಡಬಾರದೆಂದು ಬಸ್ಸಿನಲ್ಲೇ ಅಪ್ಪಣೆಯಾಯಿತು. ಭಾವ ಬರಮಾಡಿಕೊಂಡರು, ಆದರೆ ವಿಶೇಷ ಎಂತ ಎಂದು ಕೇಳಲಿಲ್ಲ. ಕುಳಿತದ್ದೇ ತಡ, ಎರಡೂ ಕೈಯಿಂದ ಕಾಗದ ಕೊಟ್ಟು, "ನೀವು ಬಂದು, ಮುಂದೆ ನಿಂತು, ಸುಧಾರಿಸಿ ಕೊಡಬೇಕು" ಎಂದು ಒಂದೇ ಉಸಿರಿಗೆ ಹೇಳಿದೆ.

ಭಾವ ಮೊದಲ ಸಲ ಕೇಳುವವರಂತೆ ಹುಬ್ಬೇರಿಸಿದರು. "ಓ, ಮದುವೆಯಾ? ಯಾವ ದಿನ?"

ನಾನು ಬಾಯಿ ತೆರೆದೆ. ದಿನ ಸಾವಿತ್ರಿಯ ಬಾಯಿಂದ ಬಂತು.

ಭಾವ ಅಲ್ಲಿಯವರೆಗೆ ತಡೆದಿದ್ದ ನಗುವನ್ನು ಬಿಟ್ಟರು. ಆಮೇಲೆ ಎದ್ದು, ನನ್ನೆದುರು ನಿಂತು, ಕೈ ಮುಗಿದರು.

"ಭಾವ, ನನ್ನ ಸೋದರಸೊಸೆಯ ಮದುವೆ ಉಂಟು. ನಾನು ಹೇಗೂ ಬರ್ತೇನೆ. ನೀವೂ ಹಿಂದಿನ ದಿನವೇ ಬಂದು ಸುಧಾರಿಸಿ ಕೊಡಬೇಕು. ಮರೆಯಬಾರದು."

"ಆಗಲಿ ಭಾವ, ಖಂಡಿತ ಬರ್ತೇನೆ" ಎಂದು ನಾನೂ ಕೈ ಮುಗಿದೆ.

ಹೆಣ್ಣಿನ ತಂದೆಗೇ ಹೇಳಿಕೆ ಆದದ್ದು ನಮ್ಮ ಕಡೆ ಅದೇ ಮೊದಲು.