ಶಕುನ ನೋಡುವ ಕಾರು

ಹೊರಟ ಕಾರಿನೊಳಗೆ ಯಾರಾದರೂ ಒಂಟಿ ಸೀನು ಸೀನಿದರೆ ಕಾರು ಏನು ಮಾಡಬೇಕು? ಮನುಕುಲದ ಪಾಲಿಗೆ ಇಷ್ಟು ಮುಖ್ಯವಾದ ಈ ಪ್ರಶ್ನೆಯನ್ನು ಜಗತ್ತಿನ ಯಾವ ಕಾರು ತಯಾರಕನೂ ಇದುವರೆಗೆ ಕೈಗೆತ್ತಿಕೊಂಡಿಲ್ಲ ಎಂಬುದು ಚಿತ್ರದುರ್ಗದ ತಿಪ್ಪೇರುದ್ರಪ್ಪನವರ ದೃಢವಾದ ಅಭಿಪ್ರಾಯ. ಕೆಲವರು ಬ್ರೇಕಿನ ಬಗ್ಗೆ ತಲೆ ಕೆಡಿಸಿಕೊಂಡರು, ಕೆಲವರು ಮೈಲೇಜಿನ ಬಗ್ಗೆ. ಸೀನನ್ನು ಎಲ್ಲರೂ ಮೂಗಿಗೇ ಬಿಟ್ಟರು.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟು ನಿವೃತ್ತರಾದ ಮೇಲೆ ಅವರು ಏನೇನನ್ನು ಸುಧಾರಿಸಿದ್ದಾರೆ ಎಂಬುದು ಹೆಂಡತಿ ವಿಶಾಲಾಕ್ಷಿಗೆ ಚೆನ್ನಾಗಿ ಗೊತ್ತು. ಸುಧಾರಿಸಿದ ಮಿಕ್ಸಿ ಈಗ ಅಟ್ಟದ ಮೇಲಿದೆ. ಸುಧಾರಿಸಿದ ಗೀಸರಿನಲ್ಲಿ ತಣ್ಣೀರು ಮೊದಲಿಗಿಂತ ಬೇಗ ಬರುತ್ತದೆ. ಹಾಗಾಗಿ ಹೊಸ ಎಸ್‌ಯುವಿ ಮನೆ ಮುಂದೆ ಬಂದು ನಿಂತು, ಗಂಡ ಕೈ ಹಿಂದೆ ಕಟ್ಟಿಕೊಂಡು ಅದಕ್ಕೊಂದು ಸುತ್ತು ಬಂದಾಗಲೇ ಆಕೆಗೆ ಕಾರಿನ ಮೇಲೆ ಮರುಕ ಹುಟ್ಟಿತ್ತು.

ಪಾಪ, ಅದೇನು ಕೆಟ್ಟ ಕಾರಲ್ಲ. ಅದರ ಸೀಟು ಬೆನ್ನಿಗೆ ಗಾಳಿ ಬೀಸುತ್ತಿತ್ತು, ಬೇಕೆಂದರೆ ಸೊಂಟವನ್ನೂ ಒತ್ತುತ್ತಿತ್ತು. ರಸ್ತೆಯ ಬಿಳಿ ಗೆರೆ ದಾಟಲು ಹೋದರೆ ಸ್ಟೀರಿಂಗ್ ತಾನೇ ತಿರುಗಿ ದಾರಿಗೆ ತರುತ್ತಿತ್ತು. ಮುಂದಿನ ಗಾಡಿ ನಿಧಾನಿಸಿದರೆ ತಾನೂ ನಿಧಾನಿಸಿ, ನಿಂತರೆ ತಾನೂ ನಿಂತು, ಅಳೆದಿಟ್ಟಷ್ಟು ಅಂತರ ಬಿಟ್ಟು ಹಿಂಬಾಲಿಸುತ್ತಿತ್ತು. ಹಿಂದಿನ ಬಂಪರಿನ ಕೆಳಗೆ ಕಾಲಾಡಿಸಿದರೆ ಡಿಕ್ಕಿಯ ಬಾಗಿಲು ಚಪ್ಪರದ ಹಾಗೆ ಮೇಲೆದ್ದು ನಿಲ್ಲುತ್ತಿತ್ತು. ಇದ್ದ ಕೊರತೆ ಒಂದೇ. ಹೊರಡುವ ಮುನ್ನ ಅದು ಇಂಪಾದ ಹೆಣ್ಣುದನಿಯಲ್ಲಿ "ಎಲ್ಲಿಗೆ ಹೋಗಬೇಕು?" ಎಂದು ಕೇಳುತ್ತಿತ್ತು.

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಇದು ತಿಪ್ಪೇರುದ್ರಪ್ಪನವರ ಅಕ್ಕ ಹಾಲಮ್ಮನ ಮೊದಲ ಸೂತ್ರ. ಹಾಲಮ್ಮ ಆ ಮನೆಗೆ ಹಿರಿಯಳು. ಅವಳು ಎದುರಿಗೆ ಕೂತು "ಹೂಂ" ಎನ್ನದೆ ಅಲ್ಲಿ ಯಾವ ಶುಭಕಾರ್ಯವೂ ನಡೆದದ್ದಿಲ್ಲ. ತಿಪ್ಪೇರುದ್ರಪ್ಪನವರ ಮಗ ಮಹಾಂತೇಶನಿಗೆ ಹೆಣ್ಣು ನೋಡಲು ದಾವಣಗೆರೆಗೆ ಹೊರಟ ದಿನ ಕಾರು ಹಾಗೆ ಕೇಳಿದ್ದೇ ತಡ, ಅವಳು ಇಳಿದು ಜಗಲಿಯ ಮೇಲೆ ಕೂತಳು. ನೀರು ಕುಡಿದು, ಹೊತ್ತು ಕಳೆದು, ಮತ್ತೆ ಹತ್ತಿದಳು. ಕಾರು ಮತ್ತೆ ಕೇಳಿತು.

ಅವರು ದಾವಣಗೆರೆ ಮುಟ್ಟುವ ಹೊತ್ತಿಗೆ ಹೆಣ್ಣಿನ ಮನೆಯಲ್ಲಿ ಮಂಡಕ್ಕಿ ಮೆತ್ತಗಾಗಿತ್ತು, ಮಿರ್ಚಿ ತಣ್ಣಗಾಗಿತ್ತು. ಹುಡುಗಿ ನೀಲಾಂಬಿಕೆಯೂ ಮಹಾಂತೇಶನೂ ಒಬ್ಬರನ್ನೊಬ್ಬರು ನೋಡಿದರು. ಹುಡುಗಿಯ ತಂದೆ, ನಿವೃತ್ತ ಹೆಡ್‌ಮಾಸ್ಟರ್ ಗುರುಸಿದ್ದಪ್ಪನವರು ಗೋಡೆ ಗಡಿಯಾರವನ್ನು ನೋಡಿದರು. ಹುಡುಗಿ ಒಪ್ಪಿದ್ದರಿಂದ ಈ ಸಲ ಬಿಟ್ಟಿದ್ದೇನೆ ಎಂದರು. ನಿಶ್ಚಿತಾರ್ಥ ಗುರುವಾರ, ಮಧ್ಯಾಹ್ನ ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಉಂಗುರ ಬೆರಳಿಗೆ ಬೀಳದಿದ್ದರೆ ಸಂಬಂಧವನ್ನು ಅಲ್ಲಿಗೇ ಬಿಟ್ಟಂತೆ. ಶಾಲೆಯ ಗೇಟು ಮುಚ್ಚಿಸಿ ಅಭ್ಯಾಸವಿದ್ದವರ ದನಿ ಅದು. ಅಂದಿನಿಂದ ಮಹಾಂತೇಶ ಅನ್ನ ಸರಿಯಾಗಿ ಉಂಡಿರಲಿಲ್ಲ.

ಬಾಡಿಗೆ ಕಾರಿನಲ್ಲಿ ಹೋಗೋಣ ಎಂದು ವಿಶಾಲಾಕ್ಷಿ ಹೇಳಿ ನೋಡಿದಳು. ತಿಪ್ಪೇರುದ್ರಪ್ಪನವರು ಆಗಲೇ ಅಕ್ಕನನ್ನು ಮೊಬೈಲಿನ ಮುಂದೆ ಕೂರಿಸಿ ಇರುವ ಶಕುನಗಳನ್ನೆಲ್ಲ ಹೇಳಿಸಿಕೊಳ್ಳುತ್ತಿದ್ದರು. ಬೆಕ್ಕು, ಬರಿಗೊಡ, ಸೌದೆ ಹೊರೆ, ರಾಹುಕಾಲ, ಒಂಟಿ ಸೀನು; ಜೋಡಿ ಸೀನಾದರೆ ದೋಷವಿಲ್ಲ. ಒಳ್ಳೆಯದರಲ್ಲಿ ತುಂಬಿದ ಕೊಡ, ಹಾಲು, ಹೂವು, ಆಕಳು, ಎಲ್ಲಕ್ಕಿಂತ ಮಿಗಿಲಾಗಿ ಎದುರಿಗೆ ಬರುವ ಹೆಣ. ವಿಧವೆ ಎದುರಾದರೆ ಏನು ಎಂಬುದನ್ನು ಮಾತ್ರ ಹಾಲಮ್ಮ ಹೇಳಲಿಲ್ಲ. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ವಿಶಾಲಾಕ್ಷಿ ಅದನ್ನು ಗಮನಿಸಿದಳು.

ಬುಧವಾರ ಸಂಜೆ ಬೀದಿಯವರ ಮುಂದೆ ಪ್ರದರ್ಶನ ನಡೆಯಿತು. ಡ್ಯಾಶ್‌ಬೋರ್ಡಿನ ಕೆಳಗೆ ತಿಂಡಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಹೆಸರು ಶಕುನ ಸಹಾಯಕ. ಕಾರಿನ ಕ್ಯಾಮರಾ ಕಂಡದ್ದು, ಮೈಕು ಕೇಳಿದ್ದು ಎಲ್ಲ ಇದಕ್ಕೆ ಬರುತ್ತದೆ. ಹೋಗಬೇಕೋ ನಿಲ್ಲಬೇಕೋ ಇದು ತೀರ್ಮಾನಿಸುತ್ತದೆ ಎಂದು ತಿಪ್ಪೇರುದ್ರಪ್ಪನವರು ವಿವರಿಸಿದರು. ಕಾರು ಎಲ್ಲಿಗೆ ಎಂದು ಕೇಳದೆ ಹೊರಟಿತು. ಹಾಲಮ್ಮ ತಲೆದೂಗಿದಳು. ಮುಂದಿನದು ಬೆಕ್ಕು. ಎದುರುಮನೆ ಕೊಟ್ರಮ್ಮನಿಂದ ಕಡ ತಂದ ಬೆಕ್ಕು ದಾರಿ ಮಧ್ಯೆ ಕೂತು ಮೈ ನೆಕ್ಕಿಕೊಳ್ಳತೊಡಗಿತೇ ಹೊರತು ದಾಟಲಿಲ್ಲ. ಕೊಟ್ರಮ್ಮ ಆಚೆ ಬದಿಯಿಂದ ಹಾಲಿನ ಬಟ್ಟಲು ತೋರಿಸಿ ಕರೆದಳು. ಬೆಕ್ಕು ಅಪಶಕುನ, ಹಾಲು ಶುಭಶಕುನ. ಕಾರು ಕೆಲಕಾಲ ಎರಡೂ ಕಡೆಯ ದೀಪ ಮಿನುಗಿಸುತ್ತ ಯೋಚಿಸಿತು. ಆಮೇಲೆ ಬೆಕ್ಕಿನ ಪಕ್ಷ ವಹಿಸಿ ನಿಂತು, ಸೀಟುಗಳನ್ನು ಹಿಂದಕ್ಕೆ ಒರಗಿಸಿ, ಸೊಂಟ ಒತ್ತುತ್ತ, "ಸ್ವಲ್ಪ ಕೂತು ನೀರು ಕುಡಿದು ಹೊರಡಿ" ಎಂದಿತು. ಬೀದಿಯವರು ಚಪ್ಪಾಳೆ ತಟ್ಟಿದರು.

"ಓಡಿಸೋರು ಹೇಳಿದ್ದು ಕೇಳಲ್ವೇನ್ರೀ ಇದು?" ವಿಶಾಲಾಕ್ಷಿ ಕೇಳಿದಳು.

"ಮನುಷ್ಯ ಅವಸರ ಬಿದ್ರೆ ಶಕುನ ಮೀರ್ತಾನೆ ಕಣೇ. ಅದಕ್ಕೇ ಓಡಿಸೋರ ಕೈಲಿ ಏನೂ ಬಿಟ್ಟಿಲ್ಲ" ಎಂದು ಅವರು ಹೆಮ್ಮೆಯಿಂದ ಹೇಳಿದರು.

ಗುರುವಾರ ಹತ್ತು ಗಂಟೆಗೆ, ಒಂದು ತಾಸಿನ ದಾರಿಗೆ ಮೂರೂವರೆ ತಾಸು ಕೈಯಲ್ಲಿಟ್ಟುಕೊಂಡು ಹೊರಟರು. ಮುಂದೆ ಗಂಡ ಹೆಂಡತಿ. ಹಿಂದೆ ಹಾಲಮ್ಮ, ಮಹಾಂತೇಶ. ಇಬ್ಬರ ನಡುವೆ ಸೀಟಿನ ಮೇಲೆ ಅರಿಸಿನ ಕುಂಕುಮದ ತಟ್ಟೆ. ಊರು ದಾಟಿ ಹೆದ್ದಾರಿ ಸಿಕ್ಕಾಗ ಬಿಸಿಲು ಏರಿತೆಂದು ತಿಪ್ಪೇರುದ್ರಪ್ಪನವರು ಹಿಂದಿನ ಸೀಟಿನ ಗಾಳಿ ಹಾಕಿದರು. ಸೀಟಿನಿಂದೆದ್ದ ಗಾಳಿ ತಟ್ಟೆಯ ಅಂಚಿನಿಂದ ಕುಂಕುಮವನ್ನೆತ್ತಿ ಮಹಾಂತೇಶನ ಮೂಗಿಗೆ ತಂದಿತು. ಅವನು ಒಂದು ಸಲ ಸೀನಿದ.

ಕಾರು ಮರ್ಯಾದೆಯಿಂದ ರಸ್ತೆಯಂಚಿಗೆ ಹೋಗಿ ನಿಂತಿತು. ಸೀಟುಗಳು ಒರಗಿದವು.

ಜೋಡಿ ಸೀನಿಗೆ ದೋಷವಿಲ್ಲ, ಇನ್ನೊಂದು ಸೀನು ಸೀನಿಬಿಡು ಎಂದು ಎಲ್ಲರೂ ಅವನ ಮೇಲೆ ಬಿದ್ದರು. ಬೇಕೆಂದಾಗ ಬರುವುದಕ್ಕೆ ಸೀನೇನು ಆಕಳಿಕೆಯೇ? ವಿಶಾಲಾಕ್ಷಿ ಸೆರಗಿನ ನೂಲು ಹೊಸೆದು ಮಗನ ಮೂಗಿಗೆ ಆಡಿಸಿದಳು. ಅವನ ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಕೊನೆಗೆ ಹಾಲಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ, ಎಲೆಯಡಿಕೆ ಚೀಲದ ತಳದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ನಶ್ಯ!

"ಯಾರೂ ಏನೂ ಕೇಳಂಗಿಲ್ಲ" ಎಂದಳು. ಯಾರೂ ಕೇಳಲಿಲ್ಲ.

ಮಹಾಂತೇಶ ಒಂದು ಚಿಟಿಕೆ ಏರಿಸಿ ಎರಡು ಸಲ ಸೀನಿದ. ಮೊದಲಿನದೂ ಸೇರಿ ಮೂರಾಯಿತು, ಕಾರು ಅಲ್ಲಾಡಲಿಲ್ಲ. ಘಾಟಿಗೆ ವಿಶಾಲಾಕ್ಷಿ ಸೀನಿದಳು, ನಾಲ್ಕು. ಆಯಿತು ಎನ್ನಲು ಬಾಯಿ ತೆರೆದ ತಿಪ್ಪೇರುದ್ರಪ್ಪನವರು ತಾವೇ ಸೀನಿ ಐದು ಮಾಡಿದರು. ಈಗ ಎಲ್ಲರೂ ಹಾಲಮ್ಮನನ್ನು ನೋಡಿದರು. ಆದರೆ ಮೂವತ್ತು ವರ್ಷದ ಅಭ್ಯಾಸದಲ್ಲಿ ಅವಳಿಗೆ ನಶ್ಯದಿಂದ ಸೀನು ಬರುವುದು ಎಂದೋ ನಿಂತುಹೋಗಿತ್ತು. ಎಷ್ಟೋ ಹೊತ್ತಿನ ಮೇಲೆ ತಿಪ್ಪೇರುದ್ರಪ್ಪನವರದೇ ಮೂಗು ದಯೆ ತೋರಿತು. ಆರು. ಇನ್ನೊಬ್ಬರು ಕೆಡಿಸುವ ಮೊದಲೇ ಎಂಬಂತೆ ಕಾರು ಧಾವಿಸಿತು.

ಮುಂದೆ ಲಾರಿಗಳು ಬಂದವು. ಒಂದು ಲಾರಿಯ ಹಿಂಬದಿಯ ತುಂಬ ಹುಲಿಯ ಚಿತ್ರ. ಅದು ಇವರನ್ನು ದಾಟಿ ಅಡ್ಡ ಬಂದದ್ದೇ ತಡ, ಕಾರು ನಿಂತಿತು. ಬೆಕ್ಕಿನ ಲಕ್ಷಣವನ್ನು ತಾವು ಪೆಟ್ಟಿಗೆಗೆ ಮೀಸೆ ಮತ್ತು ಕಿವಿಯಿಂದ ಕಲಿಸಿದ್ದಾಗಿ ತಿಪ್ಪೇರುದ್ರಪ್ಪನವರು ಒಪ್ಪಿಕೊಂಡರು. ಗಾತ್ರದ ಮಾತು ಹೊಳೆದಿರಲಿಲ್ಲ. ಆ ಲಾರಿಯ ಮಾಲೀಕನಿಗೆ ಹುಲಿಯ ಮೇಲೆ ಬಹಳ ಭಕ್ತಿಯಿರಬೇಕು. ಅದೇ ಚಿತ್ರದ ಇನ್ನೂ ಹಲವು ಲಾರಿಗಳು ಸಾಲಾಗಿ ಬಂದವು. ಪ್ರತಿ ಹುಲಿಗೂ ಕಾರು ನಿಂತು, ಒರಗಿಸಿ, ಸೊಂಟ ಒತ್ತಿ, ನೀರು ಕುಡಿಯಲು ಹೇಳಿತು. ವಿಶಾಲಾಕ್ಷಿಯ ಸೊಂಟ ಮದುವೆಯಾದಾಗಿನಿಂದ ಇಷ್ಟು ಹಗುರವಾಗಿರಲಿಲ್ಲ. ಮಗನ ಮುಖ ಮಾತ್ರ ಬಾಡುತ್ತಲೇ ಇತ್ತು. ಅವನ ಫೋನಿಗೆ ನೀಲಾಳ ಸಂದೇಶ ಬಂದಿತ್ತು: ಅಪ್ಪ ಗಡಿಯಾರದ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಇಷ್ಟು ಅಪಶಕುನ ಸೇರಿದ ಮೇಲೆ ಪೆಟ್ಟಿಗೆ ಸ್ವಂತ ಬುದ್ಧಿ ಓಡಿಸಿತು. "ದೋಷ ಬಹಳವಾಗಿದೆ. ಶುಭಶಕುನ ಹುಡುಕುತ್ತಿದ್ದೇನೆ" ಎಂದಿತು ಹೆಣ್ಣುದನಿ. ಹಾಗೊಂದು ಸವಲತ್ತು ಇಟ್ಟದ್ದೇ ತಿಪ್ಪೇರುದ್ರಪ್ಪನವರಿಗೆ ನೆನಪಿರಲಿಲ್ಲ.

ಅದು ದಾವಣಗೆರೆಯ ಅಂಚಿನಲ್ಲಿ ಸಿಕ್ಕಿತು. ಅಡ್ಡರಸ್ತೆಯಿಂದ ಚೆಂಡುಹೂವಿನಲ್ಲಿ ಮುಚ್ಚಿಹೋದ ಒಂದು ಮುಕ್ತಿವಾಹನ ಹೊರಬಂತು, ಮುಂದೆ ತಮಟೆ, ಹಿಂದೆ ಜನ. ಕಾರಿನ ದೀಪಗಳೆಲ್ಲ ಒಮ್ಮೆಗೇ ಹೊತ್ತಿದವು. ಅದು ಮುಕ್ತಿವಾಹನದ ಬೆನ್ನು ಹಿಡಿದು, ಅಳೆದಿಟ್ಟಷ್ಟೇ ಅಂತರದಲ್ಲಿ, ಹಿಂಬಾಲಿಸತೊಡಗಿತು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತಿಪ್ಪೇರುದ್ರಪ್ಪನವರು ಸ್ಟೀರಿಂಗನ್ನು ಎಡಕ್ಕೆಳೆದರೆ ಅದು ಬಲಕ್ಕೆ ಬಂತು. ಬ್ರೇಕು ತುಳಿದರೆ ನಿಂತಿತು, ಕಾಲು ತೆಗೆದೊಡನೆ ಮತ್ತೆ ಹೊರಟಿತು. ಮುಂದಿನಿಂದ ಎರಚಿದ ಹೂವು, ಮಂಡಕ್ಕಿ ಗಾಜಿನ ಮೇಲೆ ಬಿದ್ದಾಗ ಮಳೆಯೆಂದು ತಿಳಿದ ವೈಪರು ಎದ್ದು ಗುಡಿಸಿತು.

"ಒಳ್ಳೇದೇ ಆತು ಬಿಡು" ಎಂದಳು ಹಾಲಮ್ಮ. ದನಿಯಲ್ಲಿ ಅಷ್ಟು ನಂಬಿಕೆ ಇರಲಿಲ್ಲ.

ಹಿಂದಿನಿಂದ ನಡೆದುಬರುತ್ತಿದ್ದ ಒಬ್ಬ ಮುದುಕರು ರೇಷ್ಮೆ ಸೀರೆಯ ವಿಶಾಲಾಕ್ಷಿಯನ್ನು ಕಂಡು, ಕಿಟಕಿಗೆ ಬಾಗಿ, ಯಾವ ಕಡೆಯ ನೆಂಟರೆಂದು ಕೇಳಿದರು. ಬೆಳಗಿನಿಂದ ಅದೊಂದೇ ಮಾತು ತಲೆಯಲ್ಲಿದ್ದ ಆಕೆ, "ಗಂಡಿನ ಕಡೆಯೋರು" ಎಂದುಬಿಟ್ಟಳು. ಅವರು ಕಣ್ಣೊರೆಸಿಕೊಂಡು, ತೀರಿಹೋದ ಅಜ್ಜನಿಗೆ ಇಷ್ಟು ದೊಡ್ಡ ಬಳಗ ಇತ್ತೆಂದು ಗೊತ್ತಿರಲಿಲ್ಲ ಎಂದರು.

ಮುಕ್ತಿವಾಹನ ರುದ್ರಭೂಮಿಯ ಗೇಟು ಹೊಕ್ಕು ನಿಂತಿತು. ಕಾರೂ ನಿಂತಿತು. ಎದುರಿಗೆ ಹೆಣ, ಹೂವು, ತುಂಬಿದ ಕೊಡ, ಚೊಂಬಿನಲ್ಲಿ ಹಾಲು. ಇಷ್ಟು ಶುಭ ಒಂದೇ ಕಡೆ ಅದಕ್ಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ತಲುಪಿದ್ದೀರಿ" ಎಂದಿತು. ತಿಪ್ಪೇರುದ್ರಪ್ಪನವರು ಹಿಂದಕ್ಕೆ ತೆಗೆಯಲು ರಿವರ್ಸ್ ಗೇರು ಹಾಕಿದರು. ಕಾರು ಒಪ್ಪಲಿಲ್ಲ.

ಇಳಿದು ಆಟೋ ಹಿಡಿಯೋಣವೆಂದರೆ ಅಲ್ಲೊಂದು ತೊಡಕಿತ್ತು. ರುದ್ರಭೂಮಿ ಹೊಕ್ಕವರು ತಲೆಗೆ ಸ್ನಾನ ಮಾಡದೆ ಶುಭಕಾರ್ಯದ ಹೊಸ್ತಿಲು ತುಳಿಯುವಂತಿಲ್ಲ. ಹಾಲಮ್ಮ ಕಿಟಕಿಯಿಂದ ಹೊರಗೆ ತಲೆ ಹಾಕಿ ಗೇಟಿನ ಕಂಬ ಎಲ್ಲಿದೆ ಎಂದು ನೋಡಿದಳು. ಕಂಬ ಸರಿಯಾಗಿ ಮುಂದಿನ ಬಾಗಿಲು, ಹಿಂದಿನ ಬಾಗಿಲುಗಳ ನಡುವೆ ಇತ್ತು.

"ಮುಂದಿನ ಸೀಟು ರುದ್ರಭೂಮಿ. ಹಿಂದಿನ ಸೀಟು ರೋಡು" ಎಂದು ಅವಳು ತೀರ್ಪು ಕೊಟ್ಟಳು. "ನೀವಿಬ್ರೂ ಅಲ್ಲೇ ಕೂತಿರ್ರಿ. ಲೇ ಮಾಂತ, ನಿನ್ನ ಮಾವಂಗೆ ಫೋನ್ ಹಚ್ಚು."

ಮಹಾಂತೇಶನಿಗೆ ಮಾವನಿಗೆ ಮಾಡುವ ಧೈರ್ಯ ಬರಲಿಲ್ಲ, ನೀಲಾಳಿಗೆ ಮಾಡಿದ. ಎಲ್ಲವನ್ನೂ ಕೇಳಿದ ಮೇಲೆ ಅವಳು "ಅಲ್ಲೇ ಇರಿ" ಎಂದಷ್ಟೇ ಹೇಳಿ ಫೋನಿಟ್ಟಳು. ಆಮೇಲೆ ತಿಳಿದದ್ದು, ನಗು ತಡೆಯಲು ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ವಿಶಾಲಾಕ್ಷಿಗೆ ಕಂಡದ್ದು ಮಗನ ಬಿಳಿಚಿದ ಮುಖ ಮಾತ್ರ. ಗಂಡನ ಮಿಕ್ಸಿಯನ್ನು ಸಹಿಸಿದ್ದಳು, ಗೀಸರನ್ನು ಸಹಿಸಿದ್ದಳು. ಮಗನ ಮದುವೆಯನ್ನೂ ಅಟ್ಟಕ್ಕೆ ಹಾಕಬೇಕಾದರೆ ಅದರ ಪಕ್ಕದಲ್ಲೇ ಗಂಡನನ್ನೂ ಇಡುವುದೆಂದು ಆಕೆ ನಿಶ್ಚಯಿಸಿದಳು. ತಿಪ್ಪೇರುದ್ರಪ್ಪನವರಿಗೆ ಅದು ಹೇಗೋ ಗೊತ್ತಾಗಿ, ಅವರು ಪೆಟ್ಟಿಗೆಯ ಕಡೆ ಬಗ್ಗಿಯೇ ಕೂತಿದ್ದರು.

ಒಂದು ಗಂಟೆ ದಾಟಿತ್ತು. ಹಿಂದಿನಿಂದ ಹಳೆಯ ಸ್ಕೂಟರಿನ ಸದ್ದು ಕೇಳಿಸಿತು. ಗುರುಸಿದ್ದಪ್ಪನವರು, ಹಿಂದೆ ರೇಷ್ಮೆ ಸೀರೆಯಲ್ಲಿ ನೀಲಾ. ಅದರ ಹಿಂದೊಂದು ಆಟೋದಲ್ಲಿ ನೀಲಾಳ ತಾಯಿ ಮತ್ತು ಅಯ್ಯನವರು. ಹೆಡ್‌ಮಾಸ್ಟರು ಸ್ಕೂಟರ್ ನಿಲ್ಲಿಸಿ, ಗೇಟನ್ನು ನೋಡಿ, ಕಾರನ್ನು ನೋಡಿ, ಕೊನೆಗೆ ಕೈಗಡಿಯಾರ ನೋಡಿದರು. ತಿಪ್ಪೇರುದ್ರಪ್ಪನವರು ಕಿಟಕಿಯಿಂದಲೇ ಕೈಮುಗಿದು ತಂತ್ರಜ್ಞಾನದ ಮಾತೆತ್ತಿದರು.

"ಅದೆಲ್ಲ ಬಿಡ್ರಿ. ನಾನು ಹೇಳಿದ್ದು ಟೈಮು. ಜಾಗ ಹೇಳಿರ್ಲಿಲ್ಲ" ಎಂದರು ಹೆಡ್‌ಮಾಸ್ಟರು. "ಇನ್ನೂ ಹೊತ್ತದೆ. ಉಂಗುರ ತೆಗೀರಿ."

ಉಂಗುರದ ತಟ್ಟೆ ಡಿಕ್ಕಿಯಲ್ಲಿತ್ತು. ನೀಲಾ ಸೀರೆ ಎತ್ತಿ ಹಿಡಿದು ಬಂಪರಿನ ಕೆಳಗೆ ಕಾಲಾಡಿಸಿದಳು. ಬಾಗಿಲು ಮೇಲೆದ್ದು ಚಪ್ಪರವಾಯಿತು. ಮಾತು ಹುಟ್ಟದಿದ್ದ ದಿನಗಳಲ್ಲಿ ಮಹಾಂತೇಶ ಅವಳಿಗೆ ಕಾರಿನ ಕೈಪಿಡಿಯ ಪುಟಗಳನ್ನು ಕಳಿಸಿದ್ದನಂತೆ, ಅವಳು ಓದಿದ್ದಳಂತೆ. ಎಡಗಡೆಯ ಬಟನ್ ಒತ್ತಿ ಹಿಡಿದರೆ ಈ ಸಹಾಯಗಳೆಲ್ಲ ಆಫ್ ಆಗುತ್ತವಲ್ಲ ಮಾವ ಎಂದು ಅವಳು ಮೆಲ್ಲಗೆ ಕೇಳಿದಳು. ಆ ಬಟನ್ನಿನ ವೈರನ್ನು ತಾವೇ ಕಿತ್ತಿರುವುದಾಗಿ ತಿಪ್ಪೇರುದ್ರಪ್ಪನವರು ಅದಕ್ಕಿಂತ ಮೆಲ್ಲಗೆ ಹೇಳಿದರು.

ಚಪ್ಪರದ ಕೆಳಗೆ ಮಹಾಂತೇಶ ನಿಂತ, ಎದುರಿಗೆ ನೀಲಾ ಬಂದಳು. ರಿವರ್ಸ್ ಗೇರಿನಲ್ಲೇ ಇದ್ದ ಕಾರು, ಹಿಂದೆ ಯಾರೋ ಹತ್ತಿರವಾಗುತ್ತಿದ್ದಾರೆಂದು ಬೀಪ್ ಬೀಪ್ ಎಂದಿತು. ಅವಳು ಹತ್ತಿರ ಬಂದಷ್ಟೂ ಬೀಪು ಜೋರಾಯಿತು. ಅಯ್ಯನವರು ಅದನ್ನೇ ವಾಲಗವೆಂದುಕೊಂಡು ಮಂತ್ರ ಮುಗಿಸಿದರು. ಹಾಲಮ್ಮ ಹಿಂದಿನ ಸೀಟಿನಿಂದ ಇಳಿದು, ಎಲ್ಲರೆದುರಿಗೆ ನಿಂತು, "ಹೂಂ" ಎಂದಳು. ವಿಶಾಲಾಕ್ಷಿ ಒಳಗಿನ ಕನ್ನಡಿಯನ್ನು ತಿರುಗಿಸಿಕೊಂಡು, ಮಗನ ಬೆರಳಿಗೆ ಉಂಗುರ ಬಿದ್ದದ್ದನ್ನು ಅದರಲ್ಲಿ ನೋಡಿದಳು. ಕಣ್ಣು ಮಂಜಾಯಿತು. ರುದ್ರಭೂಮಿಯಲ್ಲಿ ಕೂತವರು ಅಳುವುದನ್ನು ಯಾರೂ ವಿಶೇಷವೆಂದುಕೊಳ್ಳಲಿಲ್ಲ. ಮುಂದಿನ ಸೀಟಿನಿಂದ ಗಂಡಹೆಂಡಿರು ಎರಚಿದ ಅಕ್ಷತೆ ಹಿಂದಿನ ಸೀಟಿನ ತನಕವೇ ಹೋಯಿತು. ಅಷ್ಟರಲ್ಲಿ ರಾಹುಕಾಲ ಶುರುವಾಗಿ, ಕಾರು ತನ್ನ ಬಾಗಿಲುಗಳಿಗೆಲ್ಲ ಲಾಕ್ ಹಾಕಿಕೊಂಡಿತು. ಮೂರು ಗಂಟೆಯವರೆಗೆ ಅವರಿಬ್ಬರೂ ಒಳಗೇ ಉಳಿದರು. ಹೋಳಿಗೆಯನ್ನು ಕಿಟಕಿಯ ಸಂದಿನಿಂದ ಕೊಡಬೇಕಾಯಿತು.

ಕಾರನ್ನು ಸಂಜೆ ಎಳೆದು ತಂದರು. ಪೆಟ್ಟಿಗೆಯನ್ನು ಕಿತ್ತು ಮಿಕ್ಸಿಯ ಪಕ್ಕದಲ್ಲಿಟ್ಟರು. ಆದರೆ ಕಾರು ಕಲಿಯಬೇಕಾದ್ದನ್ನು ಆಗಲೇ ಕಲಿತಿತ್ತು. ಬೀದಿಯ ಕೊನೆಯಲ್ಲಿ ತಮಟೆ ಕೇಳಿದರೆ ಸಾಕು, ತಾನೇ ದೀಪ ಹೊತ್ತಿಸಿಕೊಳ್ಳುತ್ತಿತ್ತು. ಇಂಥ ಗುಣವಂತ ಗಾಡಿ ಮನೆತನದಲ್ಲೇ ಬಂದಿರಲಿಲ್ಲವೆಂದು ಹಾಲಮ್ಮ, ಈಗ ಎಲ್ಲರೆದುರಿಗೇ ನಶ್ಯ ಏರಿಸುತ್ತ, ಬಂದವರಿಗೆಲ್ಲ ಹೇಳಿದಳು. ಮದುವೆಯ ದಿನ ಬೆಳಗ್ಗೆ ಕಾರನ್ನು ಹೂವಿನಿಂದ ಸಿಂಗರಿಸಿ ಬಾಗಿಲಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ತಮಟೆ ಕೇಳಿಸಿತು.

ದಿಬ್ಬಣ ಬಸ್ಸಿನಲ್ಲಿ ಹೋಯಿತು. ಕಾರು ಬೇರೆ ಕಡೆ ಹೋಗಿತ್ತು.