ಬಾಂದ್ರಾದಲ್ಲಿ ಬೆಂದ ಜಪಾನಿನ ಹಂದಿಮಾಂಸ

ಅಡುಗೆಮನೆ ಶಿಸ್ತಿನ ಜಾಗ ಎಂದು ನಂಬಿದವಳು ನಾನು. ಮಂಗಳೂರಿನ ಮಿಶನ್ ಬೋರ್ಡಿಂಗಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವಳು. ಹಸಿವು ಕೂಡ ಹೇಳಿದ ಹೊತ್ತಿಗೆ ಹಾಜರಾಗಬೇಕು. ಮುಂಬಯಿಗೆ ಬಂದು, ಮಕ್ಕಳ ತಪ್ಪು ತಿದ್ದಿ ತಿದ್ದಿ ನಿವೃತ್ತಳಾಗಿ, ಬಾಂದ್ರಾದ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಾಗಲೂ ಈ ಪದ್ಧತಿ ಕೆಟ್ಟಿರಲಿಲ್ಲ.

ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದ ನನ್ನ ತಮ್ಮ ಸಾಮು ಜ್ವರ ಹಿಡಿದು ಬಂದ ಮೇಲೆ ಕೆಟ್ಟಿತು. ಜ್ವರ ಬಿಟ್ಟಿತು, ಹಸಿವು ಮರಳಲಿಲ್ಲ. ಗಂಜಿ, ಮೀನುಸಾರು ಎಲ್ಲವೂ ತಟ್ಟೆಯಲ್ಲೇ ಆರಿದವು. "ತಿಂದರೆ ಉಳಿಯುತ್ತಾರೆ. ಕೇಳಿದ್ದನ್ನು ಕೊಡಿ" ಎಂದು ಡಾಕ್ಟರು ಬಾಗಿಲ ಹೊರಗೆ ನಿಂತು ತಗ್ಗಿದ ದನಿಯಲ್ಲಿ ಹೇಳಿ ಹೋದರು.

ಕೇಳಿದೆ. ಅವನು ಗೋಡೆ ನೋಡುತ್ತಾ, "ಕೋಬೆ ಬಂದರಿನಲ್ಲಿ ಒಬ್ಬಳು ಮುದುಕಿ ಹಂದಿ ಬೇಯಿಸಿ ಕೊಡ್ತಿದ್ದಳು ಅಕ್ಕ. ಅದಾದ್ರೆ ತಿಂದೇನು" ಎಂದ.

ನಮ್ಮ ಕಡೆಯ ಕ್ರೈಸ್ತರಿಗೆ ಹಂದಿ ಹೊಸತಲ್ಲ. ಆದರೆ ಇದಕ್ಕೆ ಮೆಣಸಿಲ್ಲ, ಹುಳಿಯಿಲ್ಲ. ಕೊಬ್ಬಿನ ಪದರವಿರುವ ದಪ್ಪ ತುಂಡುಗಳನ್ನು ಕುದಿಸಿ ಆ ನೀರು ಚೆಲ್ಲಬೇಕು. ಮತ್ತೆ ಶುಂಠಿ, ಸಕ್ಕರೆ, ಅವನ ಟ್ರಂಕಿನಲ್ಲಿದ್ದ ಸೋಯಾ ಸಾಸು ಹಾಕಿ ಸಣ್ಣ ಉರಿಯಲ್ಲಿಡಬೇಕು. "ಎಷ್ಟು ಹೊತ್ತು?" ಎಂದರೆ "ಮೆತ್ತಗಾಗುವಷ್ಟು" ಎಂದ. ನನ್ನ ತರಗತಿಯಲ್ಲಿ ಇದಕ್ಕೆ ಅಂಕ ಸಿಗುತ್ತಿರಲಿಲ್ಲ. "ಅಕ್ಕಿಯ ಸಾರಾಯಿಯೂ ಬೇಕು" ಎಂದು ಸೇರಿಸಿ ಕಣ್ಣು ಮುಚ್ಚಿಕೊಂಡ.

ಸಾರಾಯಿ! ಊರಿಗೆಲ್ಲ ಪಾನನಿರೋಧ. ಚರ್ಚಿನ ಮಹಿಳಾ ಸಂಘದಲ್ಲಿ ಮದ್ಯದ ಕೇಡನ್ನು ಕುರಿತು ಮಾತನಾಡುವವಳೂ ನಾನೇ. ಹಿಂದಿನ ಓಣಿಯಲ್ಲಿ ಗುಟ್ಟಾಗಿ ಭಟ್ಟಿ ಇಳಿಸುವ ಮರ್ಸಿಬಾಯಿಯ ಮನೆ ದಾಟುವಾಗ ಕೊಡೆ ಅಡ್ಡ ಹಿಡಿಯುವುದು ನನ್ನ ಕ್ರಮ. ಅಂದು ಕೊಡೆ ಮಡಚಿ ಅವಳ ಬಾಗಿಲು ತಟ್ಟಿದೆ.

"ಅರೆ ಟೀಚರಮ್ಮ! ನಿಮ್ಮ ಪೀಛೆ ಪೋಲೀಸ್ ಬರ್ತಾ ಇದ್ದಾರಾ?"

"ಇಲ್ಲ. ಅಡುಗೆಗೆ ಬೇಕು."

"ಸಬ್ ಲೋಗ್ ಹಾಗೇ ಹೇಳೋದು" ಎಂದು ನಕ್ಕಳು. ಯಾರಿಗೆಂದು ಹೇಳಿದ ಮೇಲೆ ನಗಲಿಲ್ಲ. ಅಕ್ಕಿಯದಿರಲಿಲ್ಲ, ಇದ್ದದ್ದರಲ್ಲಿ ಒಳ್ಳೆಯದನ್ನು ಶೀಶೆಗೆ ತುಂಬಿ, ನನ್ನ ಚೀಲದಲ್ಲಿ ಬೈಬಲ್ಲಿನ ಪಕ್ಕಕ್ಕೆ ಒರಗಿಸಿಟ್ಟಳು.

ಮರುದಿನ ಇದ್ದಿಲು ಹೊತ್ತಿಸಿ ಸಿಗಡಿ ಒಲೆಯ ಮುಂದೆ ಕುಳಿತೆ. ಊಟದ ಹೊತ್ತು ಮೀರಿತು, ಹಗಲಿನ ಪ್ರಾರ್ಥನೆ ತಪ್ಪಿತು. ಕೊನೆಗೊಂದು ತುಂಡು ಸೌಟಿನ ತುದಿ ತಾಗಿದ್ದಕ್ಕೇ ಬಿರಿಯಿತು. ಆ ಸಮಾಧಾನದಲ್ಲಿ ನನ್ನ ಕೈ, ನಮ್ಮೂರಿನ ಹಂದಿಯಡುಗೆಗೆ ಹಾಕುವ ರೂಢಿಯಂತೆ, ಪಾತ್ರೆ ಇಳಿಸುವ ಮುನ್ನ ನನ್ನನ್ನು ಕೇಳದೆ ವಿನೆಗರ್ ಸುರಿದಿತ್ತು.

ಚೆಲ್ಲಿ ಮತ್ತೆ ಮಾಡಲು ಮಾಂಸವಿರಲಿಲ್ಲ. ವಿನೆಗರಿನ ಸುದ್ದಿ ಎತ್ತದೆ ಬಡಿಸಿದೆ. ಸಾಮು ತುಂಬ ಹೊತ್ತು ಅಗಿದ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ನುಂಗಿದ.

"ಇದು ಅದಲ್ಲ ಅಕ್ಕ. ಎಂತದೋ ಹುಳಿ ಉಂಟು."

"ಹೌದಾ?"

"ಇನ್ನೊಂದು ತುಂಡು ಹಾಕು. ಎಲ್ಲಿ ತಪ್ಪಿದ್ದು ನೋಡುವ."

ತಪ್ಪು ಹುಡುಕುತ್ತಾ ಅನ್ನವನ್ನೂ ಕಲಸಿಕೊಂಡ. ತಟ್ಟೆ ಬರಿದಾದ ಮೇಲೆ, "ಬರುವ ಶನಿವಾರ ಸರಿಯಾಗಿ ಮಾಡು" ಎಂದು ಗದರಿದ. ನಾನು ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡೆ. ಸಿಗಡಿಯ ಹೊಗೆ ಇನ್ನೂ ಇತ್ತು.

ಈಗ ಅವನು ಲೋಕಲ್ ಹತ್ತಿ ದಾದರಿಗೆ ಹೋಗಿಬರುವಷ್ಟಾಗಿದ್ದಾನೆ. ಪ್ರತಿ ಶನಿವಾರ ಹಂದಿ ಬೇಯುತ್ತದೆ. ಪ್ರತಿ ಶನಿವಾರ ಅವನು ಕಟುಕನನ್ನು, ಸಿಗಡಿಯನ್ನು, ಮರ್ಸಿಬಾಯಿಯನ್ನು ಅನುಮಾನಿಸುತ್ತಾ ತಟ್ಟೆ ಬರಿದು ಮಾಡುತ್ತಾನೆ. ಸರಿಯಾದ ರುಚಿ ಸಿಕ್ಕಿದ ದಿನ ಇವನು ಹುಡುಕುವುದನ್ನೇ ಬಿಟ್ಟರೆ? ಆ ಹೆದರಿಕೆಗೆ, ಪಾತ್ರೆ ಇಳಿಸುವ ಮುನ್ನ ನನ್ನ ತಪ್ಪನ್ನು ಚಮಚದಲ್ಲಿ ಅಳೆದು ಹಾಕುತ್ತೇನೆ.